ಮನೆಯಲ್ಲಿ ಒಬ್ಬರಿಗೆ ಗರ್ಭಕಂಠದ ಕ್ಯಾನ್ಸರ್: ಅವರ ನೋವು ತಗ್ಗಿಸುವುದು, ಉಳಿದವರ ಟೆಸ್ಟ್ ಮಾಡಿಸುವುದು ಹೇಗೆ?

ನಮ್ಮ ತಂಡದ ಗಾಡಿ ಮನೆ ಮುಂದೆ ನಿಂತರೆ ಅಕ್ಕಪಕ್ಕದವರು ಇಣುಕಿ ನೋಡುತ್ತಾರೆ. 'ಪಾಪ, ಡಾಕ್ಟರು ಕೈಬಿಟ್ಟರಂತೆ' ಅನ್ನುವುದು ಮುಖದಲ್ಲೇ ಕಾಣುತ್ತದೆ. ನಮ್ಮದು ಪ್ಯಾಲಿಯೇಟಿವ್ ಕೇರ್ ತಂಡ, ಅಂದರೆ ರೋಗಿಯ ನೋವು, ತೊಂದರೆ ತಗ್ಗಿಸುವ ಆರೈಕೆ ಮಾಡುವವರು. ಆದರೆ ಕೊನೆಗಾಲದಲ್ಲಿ ಬರುವವರು ಅಂತ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ನಾನು ನರ್ಸ್. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ತಿಳಿದಿದ್ದೆ. ಡ್ರೆಸಿಂಗ್ ಮಾಡುವುದು, ಮಾತ್ರೆ ಎಣಿಸಿ ಕೊಡುವುದು, ಪೈಪ್ ಬದಲಿಸುವುದು, ಎರಡು ಸಮಾಧಾನದ ಮಾತು ಆಡಿ ಎದ್ದು ಬರುವುದು.

ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅವ್ವ ಇದ್ದರು. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್, ಸೊಂಟದವರೆಗೆ ಹರಡಿತ್ತು. ಮೊದಲ ಸಲ ಹೋದಾಗ ನೋವಿಗೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮಾರ್ಫಿನ್ ಶುರುವಾಗಿ ಒಂದು ವಾರಕ್ಕೆ ಎದ್ದು ಕೂತು ಚಹಾ ಕುಡಿಯುವಷ್ಟಾದರು. ಆ ದಿನ ನನ್ನ ಕೈ ಹಿಡಿದು ಕೇಳಿದರು: "ಸಿಸ್ಟರ್, ನಂದೇನೋ ಆತು. ನಮ್ಮ ಸೊಸೀನ್ನ ಒಮ್ಮೆ ನೋಡ್ರಿ. ಆಕಿಗೂ ಬಿಳಿ ಹೋಗತೈತಿ ಅಂತಾಳ."

ನನಗೆ ನಾಚಿಕೆಯಾಯಿತು. ಅಷ್ಟು ಹೊತ್ತಿಗೆ ಎರಡು ವರ್ಷದಿಂದ ಇಂಥ ಮನೆಗಳಿಗೆ ಓಡಾಡಿದ್ದೆ. ಒಂದು ಮನೆಯಲ್ಲೂ ಆ ಪ್ರಶ್ನೆ ನಾನಾಗಿ ಕೇಳಿರಲಿಲ್ಲ. ಹಾಸಿಗೆಯಲ್ಲಿ ಒಬ್ಬರನ್ನು ನೋಡಿಕೊಳ್ಳುತ್ತಾ, ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ನಿಂತ ಮೂವತ್ತೈದರ ಹೆಣ್ಣುಮಗಳನ್ನು ನೋಡಿಯೂ ನೋಡದ ಹಾಗೆ ಬಂದಿದ್ದೆ.

ಈ ಲೇಖನ ಅಂಥ ಮನೆಯವರಿಗೆ. ಮನೆಯಲ್ಲಿ ಒಬ್ಬರು ಈ ಕಾಯಿಲೆಯಿಂದ ಮಲಗಿದ್ದಾರೆ, ಏನು ಮಾಡಬೇಕು ಅನ್ನುವವರಿಗೆ.

ಮೊದಲೇ ಒಂದು ಮಾತು. ನೋವಿನ ಮಾತ್ರೆ ಕೊಟ್ಟರೆ ಕ್ಯಾನ್ಸರ್ ತಡೆಯಲು ಆಗುವುದಿಲ್ಲ. ತಡೆಯುವುದು ಲಸಿಕೆ ಮತ್ತು ಟೆಸ್ಟ್. ಆದರೆ ಆ ಎರಡೂ ಹೆಣ್ಣುಮಕ್ಕಳಿಗೆ ತಲುಪುತ್ತಿಲ್ಲ, ಅದೇ ನಮ್ಮ ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕಂಠದ ಟೆಸ್ಟ್ ಒಮ್ಮೆಯಾದರೂ ಆಗಿದ್ದವರು ನೂರಕ್ಕೆ ಇಬ್ಬರೂ ಇರಲಿಲ್ಲ, ಬರೀ 1.9. ಇನ್ನೊಂದು ಕಡೆ, 2022ರ ಅಂದಾಜಿನಂತೆ ದೇಶದಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, 80 ಸಾವಿರದಷ್ಟು ಜನ ತೀರಿಕೊಂಡರು. ಆರೋಗ್ಯ ಇಲಾಖೆಯ ಪೋಸ್ಟರ್ ಓದಿ ಟೆಸ್ಟಿಗೆ ಹೋದವರನ್ನು ನಾನು ಕಂಡಿದ್ದು ಕಡಿಮೆ. ಅತ್ತೆಯ ಹಾಸಿಗೆ ಪಕ್ಕ ಕೂತು, ನಂಬಿಕೆ ಹುಟ್ಟಿದ ಮೇಲೆ ಹೋದವರನ್ನು ಎಷ್ಟೋ ಕಂಡಿದ್ದೇನೆ.

ಹೆಜ್ಜೆ 1: ಮೊದಲು ನೋವು, ಆಮೇಲೆ ಉಳಿದ ಮಾತು

ಒಳಗಿನ ಕೋಣೆಯಲ್ಲಿ ಒಬ್ಬರು ನರಳುತ್ತಿರುವಾಗ ಹೊರಗೆ ಕೂತು 'ನೀವೂ ಟೆಸ್ಟ್ ಮಾಡಿಸಿ' ಅಂದರೆ ಯಾರ ಕಿವಿಗೂ ಬೀಳುವುದಿಲ್ಲ. ಅಷ್ಟೇ ಅಲ್ಲ, ಅದು ತಿರುಗುಬಾಣ ಆಗುತ್ತದೆ. 'ಗೊತ್ತಾಗಿ ಹಿಂಗೆ ನರಳೋದಕ್ಕಿಂತ ಗೊತ್ತಾಗದೇ ಇರೋದೇ ವಾಸಿ' ಅಂತ ಒಬ್ಬ ಮಗಳು ನನ್ನೆದುರೇ ಹೇಳಿದ್ದಾಳೆ. ಅವಳ ಮಾತಿನಲ್ಲಿ ತಪ್ಪೇನಿದೆ? ಅವಳು ಕಂಡ ಕ್ಯಾನ್ಸರ್ ಅಂದರೆ ಆ ನರಳಾಟವೇ. ತಾಯಿಯ ನೋವು ಇಳಿದರೆ ಮಗಳ ಹೆದರಿಕೆಯೂ ಅಷ್ಟಿಷ್ಟು ಇಳಿಯುತ್ತದೆ. ಹಾಗಾಗಿ ತಡೆಗಟ್ಟುವ ಕೆಲಸವೂ ಶುರುವಾಗುವುದು ನೋವು ತಗ್ಗಿಸುವುದರಿಂದಲೇ.

ಗರ್ಭಕಂಠದ ಕ್ಯಾನ್ಸರ್ ಹರಡಿದಾಗ ಸೊಂಟ, ಕಿಬ್ಬೊಟ್ಟೆ ನೋಯುತ್ತದೆ. ನರ ಒತ್ತಿದರೆ ತೊಡೆಯಿಂದ ಕಾಲಿನವರೆಗೆ ಉರಿ, ಚುಚ್ಚು. ಎರಡಕ್ಕೂ ಔಷಧಿ ಬೇರೆ ಬೇರೆ. ಹಾಗಾಗಿ ಡಾಕ್ಟರಿಗೆ 'ನೋವು' ಅಂತಷ್ಟೇ ಹೇಳಬೇಡಿ. ಎಲ್ಲಿ, ಯಾವಾಗ ಜಾಸ್ತಿ, ಉರಿಯೋ ಹಿಂಡೋ, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ, ಇಷ್ಟನ್ನು ಒಂದು ಹಳೇ ನೋಟ್‌ಬುಕ್‌ನಲ್ಲಿ ಬರೆದಿಡಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ. ಅವರಷ್ಟು ಶ್ರದ್ಧೆಯಿಂದ ದೊಡ್ಡವರು ಬರೆಯುವುದಿಲ್ಲ.

ಜೋರು ನೋವಿಗೆ ಮಾರ್ಫಿನ್ ಕೊಡುತ್ತಾರೆ. ಹೆಸರು ಕೇಳಿದ ಕೂಡಲೇ ಮನೆಯವರು ಬೆಚ್ಚಿಬೀಳುತ್ತಾರೆ: 'ಅದು ಅಫೀಮು ಅಲ್ವಾ? ಚಟ ಹತ್ತಲ್ವಾ?' ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ. ಮಾರ್ಫಿನ್ ಕೊಟ್ಟರೆ ಸಾವು ಬೇಗ ಬರುತ್ತದೆ ಅನ್ನುವುದೂ ತಪ್ಪು. ಗಮನ ಇಡಬೇಕಾದ ವಿಷಯಗಳು ಬೇರೆ ಇವೆ.

ಸಾಮಾನ್ಯ ಮಾರ್ಫಿನ್ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. 'ನೋವು ಬಂದಾಗ ಕೊಡೋಣ' ಅಂತ ಕಾದರೆ ಪ್ರತಿ ಸಲವೂ ನೋವೇ ಮುಂದೆ ಓಡಿರುತ್ತದೆ. ಗಡಿಯಾರ ನೋಡಿ ಕೊಡಿ. ರಾತ್ರಿ ಹೊತ್ತಿನ ಮಾತ್ರೆ ಹೇಗೆ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮಾರ್ಫಿನ್ ಜೊತೆ ಮಲಬದ್ಧತೆ ಬಂದೇ ಬರುತ್ತದೆ. ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಜೊತೆಯಲ್ಲಿರಬೇಕು. ಚೀಟಿಯಲ್ಲಿ ಬರೆದಿಲ್ಲದಿದ್ದರೆ ಬಾಯಿಬಿಟ್ಟು ಕೇಳಿ. ನೋವಿಗಿಂತ ಮಲಬದ್ಧತೆಗೆ ಬೇಸತ್ತು ಮಾತ್ರೆ ಬಿಟ್ಟವರೇ ಜಾಸ್ತಿ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು, ಹೆದರಬೇಡಿ. ಆದರೆ ಎಬ್ಬಿಸಿದರೂ ಏಳದಷ್ಟು ನಿದ್ದೆ ಬಂದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಫೋನ್ ಮಾಡಿ.

ಮೂತ್ರ ಕಡಿಮೆಯಾದರೂ ಅದೇ ದಿನ ತಿಳಿಸಿ. ಈ ಕ್ಯಾನ್ಸರ್ ಬೆಳೆದು ಮೂತ್ರನಾಳ ಒತ್ತಿದರೆ ಕಿಡ್ನಿ ಕೆಲಸ ಕುಂಠಿತವಾಗುತ್ತದೆ. ಆಗ ಮಾರ್ಫಿನ್ ಅಳತೆ ಬದಲಿಸಬೇಕು. ಮೆಡಿಕಲ್ ಶಾಪಿನಿಂದ ನೀವೇ ತಂದ ನೋವಿನ ಮಾತ್ರೆ ಅಂಥ ಹೊತ್ತಲ್ಲಿ ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಬೇಡವೇ ಬೇಡ.

ಮಾರ್ಫಿನ್ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳೇ ಅದನ್ನು ಇಟ್ಟುಕೊಳ್ಳಲು ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿಯಿಂದ ದಾರಿ ಸ್ವಲ್ಪ ಸಲೀಸಾಗಿದೆ. ಅನುಮತಿ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನೋವಿನ ವಿಭಾಗವೇ ಬೇರೆ ಇದೆ. ಚಿಕಿತ್ಸೆಗೆ ಹೋದ ದಿನವೇ ಅಲ್ಲಿಗೂ ಒಂದು ಚೀಟಿ ಬರೆಸಿಕೊಳ್ಳಿ. ಕಾಯಿಲೆ ಗೊತ್ತಾದ ಮೊದಲ ದಿನದಿಂದಲೇ ಪ್ಯಾಲಿಯೇಟಿವ್ ಕೇರ್ ಪಡೆಯಬಹುದು, ಕೊನೆಯವರೆಗೆ ಕಾಯುವುದು ಬೇಡ.

ಹೆಜ್ಜೆ 2: ವಾಸನೆ, ರಕ್ತ, ಸೋರುವ ಮೂತ್ರ

ಇವನ್ನು ರೋಗಿ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯವರೂ ಕೇಳುವುದಿಲ್ಲ. ಮಂಚ ಮಾತ್ರ ನಡುಮನೆಯಿಂದ ಹಿತ್ತಲ ಕೋಣೆಗೆ, ಅಲ್ಲಿಂದ ದನದ ಕೊಟ್ಟಿಗೆ ಪಕ್ಕಕ್ಕೆ ಸರಿಯುತ್ತದೆ. ಮೊಮ್ಮಕ್ಕಳು ಹತ್ತಿರ ಬರುವುದು ನಿಲ್ಲುತ್ತದೆ. ನಾನು ಹೋದ ಮನೆಗಳಲ್ಲಿ ನೋವಿಗಿಂತ ಇದಕ್ಕೇ ಹೆಚ್ಚು ಅತ್ತಿದ್ದಾರೆ.

ಊದುಬತ್ತಿ, ಲೋಬಾನ ಹಾಕಿದರೆ ಎರಡು ವಾಸನೆ ಕಲಸಿ ಇನ್ನೂ ಉಸಿರು ಕಟ್ಟುತ್ತದೆ. ಕಿಟಕಿ ತೆಗೆಯಿರಿ. ಮಂಚದ ಕೆಳಗೆ ಒಂದು ಬುಟ್ಟಿ ಇದ್ದಿಲು ಇಡಿ, ವಾಸನೆ ಹೀರುತ್ತದೆ. ಕೆಟ್ಟ ವಾಸನೆ ಬರುವುದು ಗಾಯದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಅದಕ್ಕೆ ಮೆಟ್ರೊನಿಡಜೋಲ್ ಅನ್ನುವ ಅಗ್ಗದ ಔಷಧಿ ಇದೆ. ನುಂಗುವುದೋ, ಒಳಗೆ ಇಡುವುದೋ, ಎಷ್ಟು ದಿನ ಅಂತ ಡಾಕ್ಟರು ಹೇಳುತ್ತಾರೆ. ಕೆಲವೇ ದಿನದಲ್ಲಿ ವಾಸನೆ ಎಷ್ಟೋ ತಗ್ಗುತ್ತದೆ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಕೊಟ್ಟಿಗೆ ಪಕ್ಕ ಮಲಗಿದವರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾಯಿಲೆಯಿಂದ ಮೂತ್ರಚೀಲಕ್ಕೆ ತೂತು ಬಿದ್ದರೆ ಮೂತ್ರ ಸದಾ ಸೋರುತ್ತದೆ. ಚರ್ಮ ಸುಡುತ್ತದೆ. ಮೆತ್ತನೆ ಹಳೇ ಹತ್ತಿ ಬಟ್ಟೆ ಮಡಿಸಿ ಇಡಿ, ಆಗಾಗ ಬದಲಿಸಿ, ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ. ಮೇಲೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ವ್ಯಾಸಲೀನ್ ಹಚ್ಚಿ.

ರಕ್ತಸ್ರಾವಕ್ಕೆ ಮೊದಲೇ ತಯಾರಾಗಿರಿ. ಕಡು ಬಣ್ಣದ ಎರಡು ಟವೆಲ್ ಕೈಗೆ ಸಿಗುವಲ್ಲಿ ಇರಲಿ. ಬಿಳಿ ಬಟ್ಟೆ ಮೇಲೆ ರಕ್ತ ನೋಡಿದರೆ ರೋಗಿಯೂ ಗಾಬರಿ, ನೋಡುವವರೂ ಗಾಬರಿ. ಮಲಗಿಸಿ, ಜೊತೆಗಿರಿ, ತಂಡಕ್ಕೆ ಫೋನ್ ಮಾಡಿ. ಪದೇ ಪದೇ ರಕ್ತ ಹೋಗುತ್ತಿದ್ದರೆ 'ಕರೆಂಟ್' ಕೊಡಿಸಬಹುದೇ ಅಂತ ಡಾಕ್ಟರನ್ನು ಕೇಳಿ. ನಮ್ಮ ಕಡೆ ರೇಡಿಯೇಷನ್‌ಗೆ ಜನ ಹೇಳುವುದು ಹಾಗೇ. ಗುಣ ಮಾಡಲು ಆಗದ ಹಂತದಲ್ಲೂ ರಕ್ತ ನಿಲ್ಲಿಸಲು, ನೋವು ಇಳಿಸಲು ಕೆಲವೇ ಸಲದ ಕರೆಂಟ್ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಸ್ಪತ್ರೆಗೆ ಹೋಗಿ.

ಇನ್ನೊಂದು ವಿಷಯ ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿ: ಅವರ ಜೊತೆ ಊಟ ಮಾಡಿದರೆ, ಸ್ನಾನ ಮಾಡಿಸಿದರೆ, ಬಟ್ಟೆ ಒಗೆದರೆ ಕ್ಯಾನ್ಸರ್ ಬರುವುದಿಲ್ಲ. ರಕ್ತ ಮುಟ್ಟುವಾಗ ಕೈಗವಸು ಹಾಕಿಕೊಳ್ಳುವುದು ಶುಚಿಗಾಗಿ.

ಹೆಜ್ಜೆ 3: ಚಿಕಿತ್ಸೆ ನಡುವೆ ಬಿಟ್ಟು ಬರದ ಹಾಗೆ ನೋಡಿಕೊಳ್ಳಿ

ಗುಣವಾಗುವ ಹಂತದಲ್ಲಿ ಇದ್ದವರಿಗೆ ಇದು. ಕರೆಂಟ್ ಮತ್ತು ಜೊತೆಗೆ ಕೊಡುವ ಕೀಮೋ ಎರಡೂ ಸೇರಿ ಸುಮಾರು ಎಂಟು ವಾರದೊಳಗೆ ಮುಗಿದರೆ ಫಲ ಚೆನ್ನಾಗಿರುತ್ತದೆ. ಎಳೆದಷ್ಟೂ ಕಾಯಿಲೆ ಮರಳುವ ಅಪಾಯ ಹೆಚ್ಚು. ಮೂರನೇ ವಾರದ ಹೊತ್ತಿಗೆ ಭೇದಿ, ಉರಿಮೂತ್ರ, ಸುಸ್ತು ಬಂದು 'ಸಾಕಪ್ಪಾ ಸಾಕು' ಅಂತ ಬ್ಯಾಗ್ ತುಂಬಿಕೊಂಡು ಊರಿಗೆ ಬಂದುಬಿಡುತ್ತಾರೆ. ಆ ತೊಂದರೆಗಳಿಗೆಲ್ಲ ಔಷಧಿ ಇದೆ. ಪ್ಯಾಲಿಯೇಟಿವ್ ತಂಡ ಇಲ್ಲೂ ಬೇಕು. ಭೇದಿ ನಿಲ್ಲಿಸಿ, ಧೈರ್ಯ ಹೇಳಿ, ಮುಂದಿನ ಕರೆಂಟಿಗೆ ಕಳಿಸಿದರೆ ಒಬ್ಬರು ಉಳಿದರು ಅಂತ ಲೆಕ್ಕ.

ಹೆಜ್ಜೆ 4: ಮನೆಯ ಹೆಣ್ಣುಮಕ್ಕಳ ಪಟ್ಟಿ ಮಾಡಿ

ನೋವು ಹತೋಟಿಗೆ ಬಂದ ಮೇಲೆ, ಅವಸರವಿಲ್ಲದ ಒಂದು ಮಧ್ಯಾಹ್ನ ಕೂತು ಬರೆಯಿರಿ. ಮಗಳು, ಸೊಸೆ, ನಾದಿನಿ, ವಾರಗಿತ್ತಿ, ತಂಗಿ, ಮೊಮ್ಮಗಳು. ಹೆಸರು, ವಯಸ್ಸು.

ಜನ ಮಗಳ ಹೆಸರು ಮಾತ್ರ ಬರೆಯುತ್ತಾರೆ. 'ಸೊಸೆ ಬೇರೆ ರಕ್ತ, ಅವಳಿಗ್ಯಾಕೆ?' ಅಂತ ಕೇಳುತ್ತಾರೆ. ಈ ಕ್ಯಾನ್ಸರಿಗೆ ಹೆಚ್ಚೂಕಡಿಮೆ ಎಲ್ಲ ಸಲವೂ ಕಾರಣ ಎಚ್‌ಪಿವಿ ಅನ್ನುವ ವೈರಸ್. ಹರಾಲ್ಡ್ ಟ್ಸುರ್ ಹೌಸೆನ್ ಅನ್ನುವ ಜರ್ಮನ್ ವಿಜ್ಞಾನಿ ಇದನ್ನು ಕಂಡುಹಿಡಿದಿದ್ದಕ್ಕೆ 2008ರಲ್ಲಿ ನೊಬೆಲ್ ಬಂತು. ವೈರಸ್ ರಕ್ತಸಂಬಂಧ ನೋಡಿ ಬರುವುದಿಲ್ಲ. ಅಂದಮೇಲೆ ಟೆಸ್ಟ್ ಸೊಸೆಗೂ ಬೇಕು, ಮಗಳಿಗೂ ಬೇಕು, ಪಕ್ಕದ ಮನೆಯವರಿಗೂ ಬೇಕು.

ವಯಸ್ಸು ನೋಡಿ ಹೀಗೆ ವಿಂಗಡಿಸಿ. 30ರಿಂದ 65ರವರಿಗೆ ಐದು ವರ್ಷಕ್ಕೊಮ್ಮೆ ಟೆಸ್ಟ್, ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಎಚ್‌ಐವಿ ಇರುವವರಿಗೆ ಈ ಕ್ಯಾನ್ಸರ್ ಬರುವ ಸಂಭವ ಸುಮಾರು ಆರು ಪಟ್ಟು. ಅವರು 25ರಿಂದಲೇ ಶುರು ಮಾಡಬೇಕು, ಅಂತರವೂ ಕಡಿಮೆ ಇರಬೇಕು. 9ರಿಂದ 14ರ ಹುಡುಗಿಯರು ಲಸಿಕೆಯ ಪಟ್ಟಿಗೆ. ಗರ್ಭಕೋಶ ತೆಗೆಸಿಕೊಂಡವರು ಡಿಸ್ಚಾರ್ಜ್ ಚೀಟಿ ಹುಡುಕಿ ತೋರಿಸಿ, ಕೆಲವರಿಗೆ ಗರ್ಭಕಂಠ ಹಾಗೇ ಉಳಿದಿರುತ್ತದೆ, ಅವರಿಗೂ ಟೆಸ್ಟ್ ಬೇಕು.

ಲಕ್ಷಣ ಇರುವವರು ಪಟ್ಟಿಯ ಸರದಿ ಕಾಯಬಾರದು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಗಂಡ ಹೆಂಡತಿ ಕೂಡಿದ ಮೇಲೆ ರಕ್ತ ಬಂದರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ಬಿಳಿಸೆರಗಿಗೆ ಕೆಟ್ಟ ವಾಸನೆ ಅಥವಾ ರಕ್ತದ ಬಣ್ಣ ಇದ್ದರೆ ನೇರ ಡಾಕ್ಟರ ಹತ್ತಿರ. 'ಮುಟ್ಟು ನಿಲ್ಲೋ ಕಾಲ, ಹಂಗೇ ಆಗತೈತಿ' ಅಂತ ಊರಲ್ಲಿ ಹೇಳುವವರ ಮಾತು ಕೇಳಿ ಎಷ್ಟು ಜನ ವರ್ಷ ಕಳೆದರೋ.

ಹೆಜ್ಜೆ 5: ಮಾತು ತೆಗೆಯುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ. ವೈರಸ್ ಗಂಡು ಹೆಣ್ಣಿನ ಕೂಟದಿಂದ ಹರಡುತ್ತದೆ ಅಂದ ಕೂಡಲೇ ಮನೆಯಲ್ಲಿ ಬೆರಳು ಹೆಂಗಸಿನ ಕಡೆ ತಿರುಗುತ್ತದೆ. ಒಂದು ಮನೆಯಲ್ಲಿ ಗಂಡ ಹೆಂಡತಿಯ ಔಷಧಿ ತರುವುದನ್ನೇ ನಿಲ್ಲಿಸಿದ್ದ. ನಾನು ಅವಸರದಲ್ಲಿ ಅರ್ಧ ಮಾತು ಹೇಳಿ ಬಂದಿದ್ದೇ ಅದಕ್ಕೆ ಕಾರಣ. ಆಮೇಲಿಂದ ಪೂರ್ತಿ ಕೂತು ಹೇಳುತ್ತೇನೆ.

ನೀವೂ ಹೀಗೆ ಹೇಳಬಹುದು: "ಇದು ನೆಗಡಿಯಷ್ಟೇ ಸಾಮಾನ್ಯ ವೈರಸ್. ಮದುವೆಯಾದವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಬಂದು ಹೋಗಿರುತ್ತದೆ. ಗಂಡಸರಿಗೂ ಬರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಒಂದೆರಡು ವರ್ಷದಲ್ಲಿ ದೇಹವೇ ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಉಳಿದು, 15-20 ವರ್ಷ ಕಳೆದು ಕ್ಯಾನ್ಸರ್ ಆಗುತ್ತದೆ. ಯಾರಿಂದ ಬಂತು, ಯಾವಾಗ ಬಂತು ಅಂತ ಯಾರೂ ಹೇಳಲು ಆಗುವುದಿಲ್ಲ." ಗಂಡ ಪಕ್ಕದಲ್ಲಿದ್ದಾಗಲೇ ಹೇಳಿ. ಬೆನ್ನ ಹಿಂದೆ ಹೇಳಿದ್ದು ಅವನ ಕಿವಿಗೆ ಬೇರೆ ರೂಪದಲ್ಲಿ ಮುಟ್ಟುತ್ತದೆ.

ಆ 15-20 ವರ್ಷ ಅನ್ನುವುದನ್ನು ಒತ್ತಿ ಹೇಳಿ. ಹೊಲದಲ್ಲಿ ಕಳೆ ಚಿಗುರಿದಾಗಲೇ ಕಿತ್ತ ಹಾಗೆ, ಅಷ್ಟು ಉದ್ದದ ಕಾಲದಲ್ಲಿ ಆಗಾಗ ನೋಡಿಸಿಕೊಂಡರೆ ಮೊದಲೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು.

ಕಾಯಿಲೆಯಲ್ಲಿ ಇರುವವರೇ ಹೇಳಿದರೆ ಅದರ ತೂಕ ಬೇರೆ. ಆದರೆ ಅವರನ್ನು ತೋರಿಸಿ ಹೆದರಿಸುವುದು ಬೇಡ. 'ನೋಡು, ಟೆಸ್ಟ್ ಮಾಡಿಸದಿದ್ದರೆ ಹಿಂಗಾಗ್ತೀಯ' ಅನ್ನುವ ಮಾತು ಮಂಚದ ಮೇಲಿರುವವರಿಗೆ ಚುಚ್ಚುತ್ತದೆ. ಮೊದಲು ಅವರನ್ನು ಕೇಳಿ: "ಅಮ್ಮಾ, ಇವರಿಗೆ ನೀವೇ ಒಂದು ಮಾತು ಹೇಳ್ತೀರಾ?" ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ. ಬಹಳ ಜನ ಒಪ್ಪುತ್ತಾರೆ. ತಾನು ಯಾರಿಗೂ ಬೇಡವಾದೆ ಅಂತ ಮಲಗಿದ್ದವರಿಗೆ ಮನೆಯಲ್ಲಿ ಮತ್ತೆ ಒಂದು ಹಿರಿತನ ಬಂದ ಹಾಗಾಗುತ್ತದೆ. ಹಾವೇರಿಯ ಆ ಅವ್ವ ಸೊಸೆ ಟೆಸ್ಟಿಗೆ ಹೋಗಿ ಬರುವವರೆಗೆ ಊಟ ಮಾಡಲ್ಲ ಅಂತ ಹಟ ಹಿಡಿದಿದ್ದರು.

ಮನಸ್ಸು ತೀರಾ ಕುಸಿದವರಿಗೆ, ಆರೈಕೆ ಮಾಡಿ ಸೋತವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.

ಹೆಜ್ಜೆ 6: ಟೆಸ್ಟಿನ ದಿನ

ಆಶಾ ಕಾರ್ಯಕರ್ತೆಯನ್ನೋ ಎಎನ್‌ಎಂ ಸಿಸ್ಟರನ್ನೋ ಕೇಳಿ, ಯಾವ ಪಿಎಚ್‌ಸಿಯಲ್ಲಿ ಯಾವ ದಿನ ಮಾಡುತ್ತಾರೆ ಅಂತ ತಿಳಿದುಕೊಳ್ಳಿ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಬಿಪಿ, ಶುಗರ್, ಕ್ಯಾನ್ಸರ್‌ನಂಥ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲೂ ಕೇಳಬಹುದು. ಮುಟ್ಟಿನ ದಿನ ಬೇಡ. ಬಸುರಿಯಾಗಿದ್ದರೆ ಮೊದಲೇ ಹೇಳಿ. ಸೀರೆಯೋ ಲಂಗವೋ ಉಟ್ಟು ಹೋದರೆ ಸುಲಭ, ಪೂರ್ತಿ ಬಟ್ಟೆ ಬಿಚ್ಚಬೇಕಾಗುವುದಿಲ್ಲ. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಹೆಂಗಸರು ಜೊತೆಯಾಗಿ ಹೋಗಿ. ನಾಚಿಕೆ ಅರ್ಧಕ್ಕೆ ಇಳಿಯುತ್ತದೆ.

ಸರ್ಕಾರಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮಾಡುವುದು ವಿಐಎ ಅನ್ನುವ ಟೆಸ್ಟ್. ಅಡುಗೆಯ ವಿನೆಗರ್‌ನಲ್ಲಿ ಇರುವ ಅದೇ ಆಮ್ಲವನ್ನು ತೆಳುವಾಗಿ ಗರ್ಭಕಂಠಕ್ಕೆ ಸವರುತ್ತಾರೆ. ಒಂದು ನಿಮಿಷ ಕಾದು ಬೆಳಕು ಹಾಕಿ ನೋಡುತ್ತಾರೆ. ಮಾರ್ಪಾಡಾದ ಜಾಗ ಬೆಳ್ಳಗಾಗಿ ಕಾಣುತ್ತದೆ. ಸೂಜಿ ಇಲ್ಲ, ಕತ್ತರಿ ಇಲ್ಲ. ಸ್ವಲ್ಪ ಚುರುಗುಟ್ಟಬಹುದು. ಉಸಿರು ಬಿಗಿಹಿಡಿಯದೆ ಮೈ ಸಡಿಲ ಬಿಟ್ಟರೆ ಇನ್ನೂ ಸಲೀಸು.

'ಇಷ್ಟೇನಾ? ಇದರಿಂದ ಏನು ಗೊತ್ತಾಗುತ್ತೆ?' ಅನ್ನುವವರಿಗೆ ಮುಂಬಯಿಯ ಕತೆ ಹೇಳುತ್ತೇನೆ. ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಒಂದು ಅಧ್ಯಯನ ನಡೆಸಿತು. ಟೆಸ್ಟ್ ಮಾಡಿದವರು ಡಾಕ್ಟರಲ್ಲ, ಹತ್ತನೇ ತರಗತಿ ಓದಿ ತರಬೇತಿ ಪಡೆದ ಸ್ಥಳೀಯ ಹೆಂಗಸರು. 2013ರಲ್ಲಿ ಫಲಿತಾಂಶ ಬಂದಾಗ, ಟೆಸ್ಟ್ ನಡೆದ ಕಡೆ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿದಿತ್ತು.

ವಯಸ್ಸು ಐವತ್ತು ದಾಟಿ ಮುಟ್ಟು ನಿಂತವರಲ್ಲಿ ವಿಐಎ ಅಷ್ಟು ಸರಿಯಾಗಿ ತೋರಿಸುವುದಿಲ್ಲ. ಅವರಿಗೆ ಪ್ಯಾಪ್ (ಗರ್ಭಕಂಠದಿಂದ ಜೀವಕೋಶ ಸವರಿ ತೆಗೆದು ನೋಡುವುದು) ಅಥವಾ ಎಚ್‌ಪಿವಿ ಟೆಸ್ಟ್ (ವೈರಸ್ ಇದೆಯೇ ಅಂತ ನೋಡುವುದು) ಎಲ್ಲಿ ಆಗುತ್ತದೆ ಅಂತ ಕೇಳಿ. ಎಚ್‌ಪಿವಿ ಟೆಸ್ಟೇ ಈಗ ಹೆಚ್ಚು ನಂಬಿಕೆಯದ್ದು. ಅದಕ್ಕೆ ಹೆಂಗಸರು ತಾವೇ ಕಡ್ಡಿಯಿಂದ ಸ್ಯಾಂಪಲ್ ತೆಗೆದು ಕೊಡಬಹುದು.

ಹೆಜ್ಜೆ 7: ಪಾಸಿಟಿವ್ ಬಂದರೆ

ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಈ ವಾಕ್ಯವನ್ನು ಟೆಸ್ಟಿಗೆ ಹೋಗುವ ಮೊದಲೇ ಮೂರು ಸಲ ಹೇಳಿ. ಮನೆಯಲ್ಲಿ ಒಬ್ಬರು ಮಲಗಿರುವಾಗ ಪಾಸಿಟಿವ್ ಅನ್ನುವ ಪದ ಸಿಡಿಲಿನ ಹಾಗೆ ಬಡಿಯುತ್ತದೆ. ಸೋಂಕಿದ್ದರೂ ಬೆಳ್ಳಗೆ ಕಾಣಬಹುದು. ಮುಂದಿನ ಪರೀಕ್ಷೆಯಲ್ಲಿ ದೊಡ್ಡದಾಗಿಸುವ ಕನ್ನಡಕದಂಥ ಯಂತ್ರದಿಂದ ನೋಡಿ, ಬೇಕಾದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಇದ್ದರೆ ಆ ಜಾಗವನ್ನಷ್ಟೇ ಬಿಸಿಯಿಂದ ಸುಟ್ಟೋ ತಣ್ಣನೆ ಅನಿಲದಿಂದ ಹೆಪ್ಪುಗಟ್ಟಿಸಿಯೋ ನಾಶ ಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ, ಅಡ್ಮಿಟ್ ಆಗಬೇಕಿಲ್ಲ. ಕೆಲವು ವಾರ ನೀರು ನೀರಾಗಿ ಹೋಗುತ್ತದೆ. ಒಂದು ತಿಂಗಳು ಗಂಡ ಹೆಂಡತಿ ದೂರ ಇರಬೇಕು. ವರ್ಷದ ನಂತರ ಮತ್ತೆ ಟೆಸ್ಟ್.

ಇಲ್ಲೊಂದು ಎಚ್ಚರಿಕೆ. ನಮ್ಮ ಕಡೆ ಬಿಳಿಸೆರಗು, ಸೊಂಟನೋವು ಅಂತ ಹೋದ ಬಡ ಹೆಂಗಸರನ್ನು 'ಈಗಲೇ ಗರ್ಭಕೋಶ ತೆಗೆಸಿ, ಇಲ್ಲಾಂದ್ರೆ ಕ್ಯಾನ್ಸರ್ ಆಗುತ್ತೆ' ಅಂತ ಹೆದರಿಸಿ ಆಪರೇಷನ್ ಮಾಡಿದ ಕಡೆಗಳಿವೆ. ಮೂವತ್ತು ದಾಟದವರೂ ಅದರಲ್ಲಿದ್ದಾರೆ. ಇಂಥ ಬೇಡದ ಆಪರೇಷನ್‌ಗಳ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಪಾಲಿಸಬೇಕು ಅಂತ 2023ರಲ್ಲಿ ತೀರ್ಪು ಬಂದಿದೆ. ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರ ತೊಂದರೆಗಳೆಲ್ಲ ಚಿಕ್ಕ ವಯಸ್ಸಿಗೇ ಬರುತ್ತವೆ, ಮೂಳೆ ಸವೆಯುತ್ತದೆ. ಬರೀ ಬಿಳಿಸೆರಗಿಗೆ, ಟೆಸ್ಟ್ ಇಲ್ಲದೆ, ಚೂರು ಪರೀಕ್ಷೆ ಇಲ್ಲದೆ ಗರ್ಭಕೋಶ ತೆಗೆಸಿ ಅಂದರೆ ಎದ್ದು ಬನ್ನಿ. ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಹೆಜ್ಜೆ 8: ಹುಡುಗಿಯರಿಗೆ ಲಸಿಕೆ

ಈ ಕ್ಯಾನ್ಸರಿನಲ್ಲಿ ನೂರಕ್ಕೆ 70ರಷ್ಟಕ್ಕೆ ಕಾರಣ ಎಚ್‌ಪಿವಿಯ 16 ಮತ್ತು 18ನೇ ಬಗೆ. ಲಸಿಕೆ ಇವೆರಡನ್ನೂ ತಡೆಯುತ್ತದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಂದ ಮೇಲೆ ನಮ್ಮ ದೇಶದ್ದೇ ಲಸಿಕೆಯೂ ಇದೆ. 9ರಿಂದ 14ರಲ್ಲಿ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಅನ್ನುವುದು ರೂಢಿ. ಈ ವಯಸ್ಸಿನವರಿಗೆ ಒಂದು ಡೋಸೂ ಸಾಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. 15 ದಾಟಿದವರಿಗೆ ಎಷ್ಟು ಡೋಸ್ ಅಂತ ಡಾಕ್ಟರನ್ನು ಕೇಳಿ. ಖಾಸಗಿಯಲ್ಲಿ ದುಡ್ಡು ಕೊಡುವ ಮೊದಲು ಸರ್ಕಾರಿ ಕೇಂದ್ರದಲ್ಲಿ ಸಿಗುತ್ತದೆಯೇ ಅಂತ ಆಶಾ ಅವರನ್ನು ವಿಚಾರಿಸಿ. ಈಗಾಗಲೇ ಬಂದ ಸೋಂಕನ್ನು ಲಸಿಕೆ ಗುಣ ಮಾಡುವುದಿಲ್ಲ. ಹಾಕಿಸಿಕೊಂಡವರೂ 30 ದಾಟಿದ ಮೇಲೆ ಟೆಸ್ಟಿಗೆ ಹೋಗಬೇಕು.

'ಈಗಲೇ ಯಾಕೆ, ಇನ್ನೂ ಚಿಕ್ಕವಳು' ಅನ್ನುವ ಅಪ್ಪಂದಿರಿಗೆ ನಾನು ಹೇಳುವುದು ಇಷ್ಟೇ: ಮಳೆ ಬರುವ ಮೊದಲೇ ಹೆಂಚು ಸರಿಮಾಡುತ್ತೀರಿ, ಅಲ್ವಾ?

ಹೆಜ್ಜೆ 9: ದುಡ್ಡು, ಓಡಾಟ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಶಕ್ತಿ ಯೋಜನೆಯಿಂದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಟೆಸ್ಟಿಗೆ ಹೋಗಲು 'ಬಸ್ ಚಾರ್ಜಿಗೆ ಕಾಸಿಲ್ಲ' ಅನ್ನುವ ನೆಪ ಅದರಿಂದ ತಪ್ಪಿತು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬೇಕು. ಮನೆಯಲ್ಲಿ ನೋಡಿಕೊಳ್ಳಲು ಆಗದ ಹಂತ ಬಂದರೆ ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯದಲ್ಲಿ ಹಣ ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ.

ಹೆಜ್ಜೆ 10: ಅವರು ಹೋದ ಮೇಲೆ

ನಮ್ಮ ಕೆಲಸ ಸಾವಿನ ದಿನ ಮುಗಿಯುವುದಿಲ್ಲ. ಹದಿಮೂರು ದಿನದ ಕಾರ್ಯ ಕಳೆದ ಮೇಲೆ ಒಮ್ಮೆ ಹೋಗಿ ಬರುತ್ತೇವೆ. ಉಳಿದ ಮಾರ್ಫಿನ್ ಮಾತ್ರೆ ಎಣಿಸಿ ವಾಪಸ್ ತರುತ್ತೇವೆ. ನಿಮ್ಮ ಮನೆಯಲ್ಲೂ ಉಳಿದಿದ್ದರೆ ಕೊಟ್ಟ ಆಸ್ಪತ್ರೆಗೇ ಮರಳಿಸಿ. ಪಕ್ಕದ ಮನೆಯ ಸೊಂಟನೋವಿಗೆ ಕೊಡಬೇಡಿ, ಎಸೆಯಲೂ ಬೇಡಿ.

ಆ ಭೇಟಿಯಲ್ಲಿ ಹಳೇ ಪಟ್ಟಿ ತೆಗೆಯುತ್ತೇನೆ. ಕೆಲವು ಹೆಸರಿನ ಮುಂದೆ ಗುರುತು ಬಿದ್ದಿರುತ್ತದೆ, ಕೆಲವು ಖಾಲಿ. ಕೆಲವರು ಅಳುತ್ತಾರೆ, ಆ ದಿನ ಪಟ್ಟಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಬರುತ್ತೇನೆ. ಇನ್ನೊಂದು ತಿಂಗಳು ಬಿಟ್ಟು ಫೋನ್ ಮಾಡುತ್ತೇನೆ. ಹಾವೇರಿಯ ಆ ಸೊಸೆಯ ಬಿಳಿಸೆರಗು ಬರೀ ಸೋಂಕು, ಮಾತ್ರೆಗೆ ವಾಸಿಯಾಯಿತು. ವಿಐಎ ನೆಗೆಟಿವ್ ಬಂತು. ಅತ್ತೆ ತೀರಿದ ಮೇಲೆ ಅವಳೇ ನಾದಿನಿಯನ್ನು ಕರೆದುಕೊಂಡು ಹೋಗಿದ್ದಳು.

ಟೆಸ್ಟ್ ಚೀಟಿಯನ್ನು ಸೀರೆ ಮಡಿಕೆಯಲ್ಲಿ ಇಡಬೇಡಿ, ಒಗೆಯುವಾಗ ಹೋಗುತ್ತದೆ. ಹಿಂದುಗಡೆ ಐದು ವರ್ಷದ ನಂತರದ ತಿಂಗಳು ಬರೆದು, ರೇಷನ್ ಕಾರ್ಡ್ ಇರುವ ಕವರಿನಲ್ಲೇ ಹಾಕಿ.